ಅಜ್ಜನ ಕತ್ತಿಯೋ, ಹೊಸ ಕತ್ತಿಯೋ?

ಪ್ರಶ್ನೆ: ನನಗೆ 28 ವರ್ಷ. ಊರು ಕುಂದಾಪುರ. ಕಾರ್ಟ್ರಿಜ್ ರೇಜರ್‌ನಲ್ಲಿ ಶೇವ್ ಮಾಡಿದರೆ ಕುತ್ತಿಗೆಯ ಮೇಲೆ ಗುಳ್ಳೆ ಏಳುತ್ತವೆ. ಹಿಂದಿನ ಕಾಲದ ಮಡಚುವ ಕ್ಷೌರದ ಕತ್ತಿ ಬಳಸಲು ಕಲಿಯಬೇಕು ಅಂತ ಆಸೆ. ಅಜ್ಜನ ಟ್ರಂಕಿನಲ್ಲಿ ಅಂಥದ್ದೊಂದು ಸಿಕ್ಕಿದೆ, ಸ್ವಲ್ಪ ತುಕ್ಕು ಹಿಡಿದಿದೆ. ಆನ್‌ಲೈನ್‌ನಲ್ಲಿ ಕತ್ತಿ, ಚರ್ಮದ ಪಟ್ಟಿ, ಬ್ರಷ್ ಎಲ್ಲ ಸೇರಿದ ಅಗ್ಗದ ಸೆಟ್ ಕೂಡ ಇದೆ. ಯಾವುದರಿಂದ ಶುರುಮಾಡಲಿ? ಸೆಲೂನಿನಲ್ಲಿ ಬಳಸುವ, ಬ್ಲೇಡ್ ಹಾಕುವ ಕತ್ತಿಯೇ ಸಾಕೇ?

ಉತ್ತರ: ಅಗ್ಗದ ಸೆಟ್ ಮಾತ್ರ ಬೇಡ. ಅಂಥ ಕತ್ತಿ ಬಂದ ದಿನ ಕಾಗದವನ್ನು ಚೆನ್ನಾಗಿ ಸೀಳುತ್ತದೆ. ಗಡ್ಡ ಮಾತ್ರ ತೆಗೆಯುವುದಿಲ್ಲ, ಕೂದಲನ್ನು ಎಳೆಯುತ್ತದೆ. ಎಳೆದಾಗ ನಾವು ಕೈ ಒತ್ತುತ್ತೇವೆ. ಒತ್ತಿದರೆ ಗಾಯ. ಎಷ್ಟೋ ಹುಡುಗರು ಇದರಲ್ಲೇ ಹೆದರಿ ಬಿಟ್ಟುಬಿಡುತ್ತಾರೆ, ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ತಪ್ಪು ಕೈಯದಲ್ಲ, ಕತ್ತಿಯ ಬಾಯಿಯದು, ಅಂದರೆ ಕೊಯ್ಯುವ ಅಂಚಿನದು.

ಹಾಗಾಗಿ ಮೊದಲ ಕತ್ತಿಯಲ್ಲಿ ಹೆಸರಿಗಿಂತ, ಹಿಡಿಯ ಅಂದಕ್ಕಿಂತ, ಬಾಯಿ ಮುಖ್ಯ. ಕ್ಷೌರಕ್ಕೆ ಬೇಕಾದ ಹರಿತ ಅಡುಗೆಮನೆ ಚಾಕುವಿನ ಹರಿತವಲ್ಲ. ಮಸೆಯುವ ಕಲ್ಲಿನ ನಯವನ್ನು ಗ್ರಿಟ್‌ನಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. 1000 ಗ್ರಿಟ್‌ನ ಕಲ್ಲಿನಲ್ಲಿ ಶುರುವಾಗಿ, 4000, 8000 ದಾಟಿ, ಹಲವರು 12000ದವರೆಗೂ ಮಸೆಯುತ್ತಾರೆ. ಆಮೇಲೆ ಚರ್ಮದ ಪಟ್ಟಿ. ಮಾರುವವರನ್ನು ನೇರವಾಗಿ ಕೇಳಿ: ಇದನ್ನು ಕೈಯಲ್ಲಿ ಮಸೆದವರು ಯಾರು, ಕೊನೆಗೆ ಯಾವ ಕಲ್ಲು ಬಳಸಿದರು? ಉತ್ತರ ತಡವರಿಸಿದರೆ ಮುಂದಿನ ಅಂಗಡಿ ನೋಡಿ. ಚೀನಾದ ಗೋಲ್ಡ್ ಡಾಲರ್ ಥರದ ಕಡಿಮೆ ಬೆಲೆಯ ಕತ್ತಿಯನ್ನೂ ಬಲ್ಲವರು ಮಸೆದು ಕೊಟ್ಟರೆ ಕಲಿಯಬಹುದು. ಮಸೆಯದೇ ಕೊಳ್ಳಬೇಡಿ ಅಷ್ಟೇ.

ಈಗ ಅಜ್ಜನ ಕತ್ತಿಗೆ ಬರೋಣ. ನನಗೆ ನಿಮ್ಮ ಪತ್ರದಲ್ಲಿ ತುಂಬಾ ಖುಷಿ ಕೊಟ್ಟದ್ದು ಅದೇ. ದಯವಿಟ್ಟು ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ. ಮೆತ್ತನೆಯ ಬಟ್ಟೆಗೆ ಹೊಲಿಗೆ ಮೆಷಿನ್ ಎಣ್ಣೆ ಹಾಕಿ ಒರೆಸಿ. ಒರೆಸುವಾಗ ಬಟ್ಟೆ ಬೆನ್ನಿನಿಂದ, ಅಂದರೆ ಅಲಗಿನ ದಪ್ಪ ಅಂಚಿನಿಂದ, ಬಾಯಿಯ ಕಡೆಗೆ ಹೋಗಲಿ. ನಂತರ ಟ್ಯೂಬ್‌ಲೈಟ್ ಕೆಳಗೆ ನಿಂತು, ಬಾಯಿ ಮೇಲಾಗಿ ಹಿಡಿದು, ಮೆಲ್ಲಗೆ ಓರೆ ಮಾಡುತ್ತಾ ನೋಡಿ. ಚೆನ್ನಾಗಿ ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಕಿನ ಚುಕ್ಕಿ ಮಿನುಗಿದಲ್ಲೆಲ್ಲ ಅದು ಮೊಂಡಾಗಿದೆ, ಇಲ್ಲವೇ ಚೂರು ಹಾರಿದೆ. ಇವು ಮಸೆದರೆ ಹೋಗುತ್ತವೆ. ಆದರೆ ಬಾಯಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು ಕಂಡರೆ ಆ ಕತ್ತಿ ನೆನಪಿಗೆ ಮಾತ್ರ, ಮುಖಕ್ಕೆ ತಾಗಿಸಬೇಡಿ. ಬೆನ್ನಿನ ಹತ್ತಿರದ ತುಕ್ಕಿನ ಕಲೆಗೆ ಚಿಂತೆ ಬೇಡ. ಬಾಯಿಯ ಹತ್ತಿರವೇ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ ಕಷ್ಟ. ಎಷ್ಟು ಮಸೆದರೂ ಬಾಯಿ ಅಲ್ಲಲ್ಲೇ ಮುರಿಯುತ್ತಿರುತ್ತದೆ.

ಹಿಡಿಯ ಪಕ್ಕದ ಉಕ್ಕಿನ ಮೇಲೆ ಏನು ಬರೆದಿದೆ ನೋಡಿ. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ತಿಯೆರ್ ಈ ಕಸುಬಿಗೆ ಹೆಸರಾದ ಊರುಗಳು. ಸೋಲಿಂಗೆನ್ ಹೆಸರನ್ನು ಕಂಡಕಂಡವರು ಹಾಕಿಕೊಳ್ಳದಂತೆ 1938ರಲ್ಲಿ ಜರ್ಮನಿ ಕಾನೂನನ್ನೇ ಮಾಡಿತು. ಇವುಗಳಲ್ಲಿ ಒಂದು ನಿಮ್ಮ ಕೈಯಲ್ಲಿದ್ದು, ಬಾಯಿ ಗಟ್ಟಿಯಿದ್ದರೆ, ಹೊಸದನ್ನು ಯಾಕೆ ಕೊಳ್ಳಬೇಕು? ಬಲ್ಲವರ ಬಳಿ ಮಸೆಸಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಅದರಲ್ಲೇ ಶುರುಮಾಡಿ. ಬೀದಿಯಲ್ಲಿ ಚಕ್ರ ತಿರುಗಿಸಿ ಚಾಕು, ಕತ್ತರಿಗೆ ಸಾಣೆ ಹಿಡಿಯುವವರಿಗೆ ಮಾತ್ರ ಕೊಡಬೇಡಿ. ಅವರ ಕೆಲಸಕ್ಕೆ ಆ ಚಕ್ರ ಸರಿ. ಇಷ್ಟು ತೆಳುವಾದ ಅಲಗು ಅದರ ಬಿಸಿಗೆ ಹದ ಕಳೆದುಕೊಳ್ಳುತ್ತದೆ, ಮತ್ತೆ ಬರುವುದಿಲ್ಲ. ಕ್ಷೌರದ ಕತ್ತಿಯನ್ನು ಬೆನ್ನು, ಬಾಯಿ ಎರಡೂ ತಾಗುವ ಹಾಗೆ ಚಪ್ಪಟೆ ಕಲ್ಲಿನ ಮೇಲೆ ಮಲಗಿಸಿ ಮಸೆಯಬೇಕು.

ಹೊಸದನ್ನೇ ಕೊಳ್ಳುವುದಾದರೆ ಅಲಗಿನ ಅಗಲ 5/8 ಇಂಚು ಇರಲಿ, ಅಂದರೆ ಸುಮಾರು 16 ಮಿಲಿಮೀಟರ್. ಇದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ತಿರುಗಿಸಲು ಕಷ್ಟ. ತುದಿ ದುಂಡಗಿರಲಿ. ಚೂಪು ತುದಿ ಕಿವಿಯ ಹತ್ತಿರ ಯಾವಾಗ ಚುಚ್ಚಿತು ಅಂತಲೇ ಗೊತ್ತಾಗುವುದಿಲ್ಲ. ಎರಡೂ ಬದಿ ಒಳಕ್ಕೆ ಕೊರೆದ ಹಾಲೋ ಗ್ರೈಂಡ್ ಅಲಗು ತೆಗೆದುಕೊಳ್ಳಿ, ಮಸೆಯುವುದು ಸುಲಭ. ಉಕ್ಕು? ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಕುಂದಾಪುರದ ಉಪ್ಪುಗಾಳಿಯಲ್ಲಿ ಸ್ಟೇನ್‌ಲೆಸ್ ಕೊಂಡರೂ ತಪ್ಪಿಲ್ಲ. ನಾನಾದರೆ ಕಾರ್ಬನ್ನೇ ತಗೋತೀನಿ. ಶೇವ್ ಮುಗಿದ ಮೇಲೆ ಚೆನ್ನಾಗಿ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ, ಬಚ್ಚಲಿನಿಂದ ಹೊರಗಿಟ್ಟರೆ ಸಾಕು. ಸೋಲಿಂಗೆನ್‌ನ ಹೊಸ ಕತ್ತಿಗೆ ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ.

ಸೆಲೂನಿನ ಕತ್ತಿಗೆ ಅರ್ಧ ಬ್ಲೇಡ್ ಹಾಕುತ್ತಾರೆ, ಪ್ರತಿ ಗಿರಾಕಿಗೂ ಹೊಸದು. ಎಚ್‌ಐವಿ, ಹೆಪಟೈಟಿಸ್ ಬಿ ಹರಡುವ ಭಯವಿರುವಾಗ ಅಲ್ಲಿ ಅದೇ ಸರಿ. ಮನೆಯಲ್ಲಿ ಅದರಲ್ಲೂ ಕಲಿಯಬಹುದು, ಮಸೆಯುವ ತಲೆನೋವಿಲ್ಲ. ಆದರೆ ಅದು ಹಗುರ. ಬ್ಲೇಡಿನ ಬಾಯಿ ಚರ್ಮಕ್ಕೆ ಒರಟು, ಕೈ ಚೂರು ತಪ್ಪಿದರೂ ಕೊಯ್ಯುತ್ತದೆ. ನಿಜವಾದ ಕತ್ತಿ ತನ್ನ ಭಾರದಲ್ಲೇ ಇಳಿಯುತ್ತದೆ, ತಪ್ಪನ್ನು ಸ್ವಲ್ಪ ಸಹಿಸುತ್ತದೆ. ಸೆಲೂನಿನ ಕತ್ತಿ ಕಷ್ಟ ಆಯಿತು ಅಂತ ನಿಜವಾದ ಕತ್ತಿಯನ್ನು ಕೈಬಿಡಬೇಡಿ.

ಕತ್ತಿಯಷ್ಟೇ ಮುಖ್ಯ ಚರ್ಮದ ಪಟ್ಟಿ. ಪ್ರತಿ ಶೇವ್‌ಗೆ ಮುಂಚೆ ಕತ್ತಿಯನ್ನು ಅದರ ಮೇಲೆ ಎಳೆಯಬೇಕು. ಮೊದಲಿಗೆ ಅಗ್ಗದ್ದೇ ತನ್ನಿ, ಅಲಗು ತಿರುಗಿಸುವಾಗ ಕೈ ತಪ್ಪಿ ಅದನ್ನು ಕೊಯ್ಯುವ ಸಾಧ್ಯತೆ ಜಾಸ್ತಿ. ನಾನು ಮೊದಲ ವಾರದಲ್ಲೇ ಕೊಯ್ದಿದ್ದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಬೆನ್ನನ್ನು ಮೇಲೆತ್ತದೆ, ಬೆನ್ನಿನ ಮೇಲೇ ಹೊರಳಿಸಿ. ಬಾಯಿ ಮೇಲಾಗಿ ಹೊರಳಬೇಕು. ಚರ್ಮದ ಜೊತೆ ಬಟ್ಟೆಯ ಪಟ್ಟಿಯೂ ಇದ್ದರೆ ಮೊದಲು ಅದರ ಮೇಲೆ 20 ಸಲ, ಆಮೇಲೆ ಚರ್ಮದ ಮೇಲೆ 40 ಸಲ. ಅವಸರ ಬೇಡ, ವೇಗ ತಾನಾಗೇ ಬರುತ್ತದೆ.

ಮೊದಲ ವಾರ ಕೆನ್ನೆ ಮಾತ್ರ, ಉಳಿದದ್ದಕ್ಕೆ ಹಳೇ ರೇಜರ್. ಬಿಸಿನೀರಲ್ಲಿ ಮುಖ ತೊಳೆದು, ನೊರೆ ಹಚ್ಚಿ, ಇನ್ನೊಂದು ಕೈಯಲ್ಲಿ ಚರ್ಮ ಬಿಗಿಯಾಗಿ ಎಳೆಯಿರಿ. ಬೆನ್ನು ಮತ್ತು ಕೆನ್ನೆಯ ನಡುವೆ ಬೆನ್ನಿನ ದಪ್ಪದ ಎರಡರಷ್ಟು ಜಾಗ ಇರಲಿ. ಕತ್ತಿಯನ್ನು ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ.

ನಿಮ್ಮ ಗುಳ್ಳೆಗಳಿಗೂ ಇದೇ ದಾರಿ. ಹಲವು ಬ್ಲೇಡ್‌ಗಳ ಕಾರ್ಟ್ರಿಜ್ ಕೂದಲನ್ನು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಅದು ಒಳಗೇ ಬೆಳೆದು ಗುಳ್ಳೆಯಾಗುತ್ತದೆ. ಒಂದೇ ಬಾಯಿಯ ಕತ್ತಿಯಲ್ಲಿ ಇದು ಹಲವರಿಗೆ ಕಡಿಮೆಯಾಗುತ್ತದೆ. ಆದರೆ ಈಗಿರುವ ಗುಳ್ಳೆಗಳ ಮೇಲೆ ಕತ್ತಿ ಓಡಿಸಬೇಡಿ. ಅವು ಒಣಗುವವರೆಗೆ ಕಾಯಿರಿ. ಒಣಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಷ್ಟರಲ್ಲಿ ಅಜ್ಜನ ಕತ್ತಿಯ ಹಿಡಿಯ ಪಕ್ಕದ ಬರಹದ್ದೂ, ಬಾಯಿಯದ್ದೂ ಹತ್ತಿರದಿಂದ ಒಂದೊಂದು ಫೋಟೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.