ಮಾರೋವಿಂಡ್ ಆಟ ಕೆಲವರಿಗೆ ಯಾಕೆ ಅಷ್ಟು ಇಷ್ಟ, ಕೆಲವರಿಗೆ ಯಾಕೆ ಆಗುವುದೇ ಇಲ್ಲ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನಮ್ಮ ದೊಡ್ಡಪ್ಪನ ಮಗ ನೆನಪಾದ. ನೀವು ಇದೇ ಸಾಲಿನ ಹೊಸ ಆಟ ಸ್ಕೈರಿಮ್ ಆಡಿ ಮುಗಿಸಿದ್ದೀರಿ. ಎಲ್ಲರೂ ಹೊಗಳುತ್ತಾರೆ ಅಂತ ಹಳೆಯ ಮಾರೋವಿಂಡ್ ಹಾಕಿಕೊಂಡಿರಿ, ಮೂರು ಗಂಟೆಗೇ ಸಾಕಾಯಿತು. ಮುಂದೆಯೇ ನಿಂತ ಇಲಿಗೆ ಹೊಡೆದರೂ ಏಟು ಬೀಳುವುದಿಲ್ಲ, ಎಲ್ಲಿಗೆ ಹೋಗಬೇಕು ಅಂತ ತೋರಿಸುವುದಿಲ್ಲ, ಇದನ್ನು ಜನ 20 ವರ್ಷದಿಂದ ಯಾಕೆ ತಲೆ ಮೇಲೆ ಹೊತ್ತುಕೊಂಡು ತಿರುಗುತ್ತಾರೆ ಅಂತ ಕೇಳಿದ್ದೀರಿ. ಅಣ್ಣನೂ ಇದನ್ನೇ ಕೇಳಿದ್ದ. 2007ರಲ್ಲಿ, ಚಿತ್ರದುರ್ಗದ ನಮ್ಮ ಮನೆಯಲ್ಲಿ, ಇದೇ ಆಟದ ಮುಂದೆ ಕೂತು.

ಅವನು ಆಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನ ಗೆಳೆಯನ ಹತ್ತಿರ ಸಿ.ಡಿ. ಇಸ್ಕೊಂಡು ಬಂದಿದ್ದ. ಎರಡು ಸಂಜೆ ಆಡಿದ. ಮೂರನೇ ದಿನ ದಾವಣಗೆರೆ ಬಸ್ಸು ಹತ್ತುವಾಗ ಅದನ್ನು ನನ್ನ ಕೈಗಿಟ್ಟು, "ಏನೂ ಇಲ್ಲ ಕಣೋ ಇದರಲ್ಲಿ, ಸುಮ್ನೆ ನಡೆಯೋದು, ಓದೋದು, ಸಾಯೋದು" ಅಂದ. ನಾನು ಅದನ್ನು ಆಮೇಲೆ ಒಂದೂವರೆ ವರ್ಷ ಆಡಿದೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅವನ ತಕರಾರಿನಿಂದಲೇ ಶುರು ಮಾಡುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬೆಥೆಸ್ಡಾ ಕಂಪನಿಯ ಎಲ್ಡರ್ ಸ್ಕ್ರೋಲ್ಸ್ ಸಾಲಿನ ಮೂರನೇ ಆಟ, 2002ರ ಮೇ ತಿಂಗಳಲ್ಲಿ ಬಂತು. ವಾರ್ಡೆನ್‌ಫೆಲ್ ಅನ್ನುವ ದ್ವೀಪ. ನಡುವೆ ಬೂದಿ ಕಾರುವ ಕೆಂಪು ಬೆಟ್ಟ. ನೀವು ಕೈದಿ. ಹಡಗಿನಿಂದ ಸೇಡಾ ನೀನ್ ಅನ್ನುವ ಸಣ್ಣ ಊರಿನಲ್ಲಿ ಇಳಿಸಿ, ಒಂದು ಕಟ್ಟು ಕಾಗದ ಕೊಟ್ಟು, ಬಾಲ್ಮೋರಾದಲ್ಲಿ ಕೇಯಸ್ ಕೊಸಾಡೆಸ್ ಅಂತ ಒಬ್ಬನಿದ್ದಾನೆ, ಅವನಿಗೆ ತಲುಪಿಸು ಅಂತಾರೆ. ಅಷ್ಟೇ, ಆಮೇಲೆ ನಿಮ್ಮ ಪಾಡು ನಿಮಗೆ.

ಮೊದಲು ಹೊಡೆದಾಟದ ವಿಷಯ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕತ್ತಿ ಇಲಿಯ ಮೈಯೊಳಗೆ ಹೋದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಒಳಗೆ ಆಟ ಪಗಡೆಯ ಹಾಗೆ ದಾಳ ಉರುಳಿಸುತ್ತಿರುತ್ತದೆ. ಲೆಕ್ಕ ಹೀಗಿದೆ. ಕೈಯಲ್ಲಿರುವ ಆಯುಧದ ಪರಿಣತಿ, ಅದಕ್ಕೆ ಚುರುಕುತನದ ಐದನೇ ಒಂದು ಪಾಲು, ಅದೃಷ್ಟದ ಹತ್ತನೇ ಒಂದು ಪಾಲು ಕೂಡಿಸಬೇಕು. ಬಂದದ್ದನ್ನು ದಣಿವಿಲ್ಲದಿದ್ದರೆ 1.25ರಿಂದ, ಪೂರ್ತಿ ಸುಸ್ತಾಗಿದ್ದರೆ 0.75ರಿಂದ ಗುಣಿಸಬೇಕು. ಹೊಸಬರು ಏನು ಮಾಡುತ್ತಾರೆ? ಮೊದಲ ಆಫೀಸಿನ ಮೇಜಿನ ಮೇಲೆ ಬಿದ್ದಿರುವ ಸಣ್ಣ ಚಾಕು ಎತ್ತಿಕೊಳ್ಳುತ್ತಾರೆ. ಚಾಕುವಿನಲ್ಲಿ ಅವರ ಪರಿಣತಿ ಬರೀ 5. ಚುರುಕುತನ 40, ಅದೃಷ್ಟ 40 ಇದ್ದರೆ ಒಟ್ಟು 17. ಜೊತೆಗೆ ಊರಿಡೀ ಓಡಿಕೊಂಡೇ ಬಂದಿರುತ್ತಾರೆ, ದಣಿವು ತೋರಿಸುವ ಕೆಳಗಿನ ಹಸಿರು ಪಟ್ಟಿ ಖಾಲಿಯಾಗಿರುತ್ತದೆ. ಅಂದರೆ ನೂರು ಏಟಿಗೆ ಸುಮಾರು 13 ತಗಲುತ್ತವೆ, ಎದುರಿನ ಪ್ರಾಣಿ ತಪ್ಪಿಸಿಕೊಳ್ಳುವ ಲೆಕ್ಕ ಕಳೆದರೆ ಇನ್ನೂ ಕಡಿಮೆ. ಅದೇ ರೆಡ್‌ಗಾರ್ಡ್ ಕುಲ ತೆಗೆದುಕೊಂಡು, ಯುದ್ಧದ ಕಡೆ ಒಲವಿಟ್ಟು, ಉದ್ದ ಕತ್ತಿಯನ್ನು ಮುಖ್ಯ ವಿದ್ಯೆ ಮಾಡಿಕೊಂಡರೆ ಶುರುವಿನಲ್ಲೇ ಪರಿಣತಿ 50. ಸುಸ್ತಾಗದೆ ಹೊಡೆದರೆ ಅದೇ ಲೆಕ್ಕ 77 ದಾಟುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಆಟ ಸರಿಯಾಗಿ ಹೇಳಿಕೊಡುವುದೇ ಇಲ್ಲ. ಇದು ಆಟದ ತಪ್ಪು, ನಿಮ್ಮದಲ್ಲ. ಎಷ್ಟೋ ಜನ ಆಟ ಬಿಟ್ಟದ್ದು ಇದೊಂದಕ್ಕೇ.

ಬೇರೆ ದೂರುಗಳೂ ಇವೆ. ಮೊದಮೊದಲು ನಡಿಗೆ ತುಂಬಾ ನಿಧಾನ. ಊರಿನ ಜನ ಹಗಲೂ ರಾತ್ರಿ ನಿಂತಲ್ಲೇ ನಿಂತಿರುತ್ತಾರೆ, ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಒಂದೇ ಪಾಠ ಒಪ್ಪಿಸುತ್ತಾರೆ. ಕ್ಲಿಫ್ ರೇಸರ್ ಅಂತ ಹಾರುವ ಪ್ರಾಣಿ ಇದೆಯಲ್ಲ, ಬೆಟ್ಟದ ದಾರಿಯಲ್ಲಿ ಅದರ ಕಾಟ ಅನುಭವಿಸಿದವರಿಗೇ ಗೊತ್ತು. ಈ ಆಟವನ್ನು ಪ್ರಾಣದಷ್ಟು ಪ್ರೀತಿಸುವವರೂ ಅದನ್ನು ಬೈಯುತ್ತಾರೆ. ಇದರಲ್ಲಿ ಯಾವುದನ್ನೂ ನಾನು ಸಮರ್ಥಿಸುವುದಿಲ್ಲ.

ಆದರೆ ದಾರಿಯ ವಿಷಯದಲ್ಲಿ ನಾನು ಅಣ್ಣನ ಜೊತೆ ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ.

ಸ್ಕೈರಿಮ್‌ನಲ್ಲಿ ಕೆಲಸ ಒಪ್ಪಿಕೊಂಡ ತಕ್ಷಣ ಮೇಲೆ ಒಂದು ಬಾಣದ ಗುರುತು ಬರುತ್ತದೆ. ಮಾರೋವಿಂಡ್‌ನಲ್ಲಿ ಬಾಯಲ್ಲಿ ದಾರಿ ಹೇಳುತ್ತಾರೆ. ಶುರುವಿನಲ್ಲೇ ಬರುವ ಒಂದು ಕೆಲಸ ನೋಡಿ. ಆರ್ಕಂಗ್‌ಥಾಂಡ್ ಅನ್ನುವ ಹಾಳುಬಿದ್ದ ಜಾಗಕ್ಕೆ ಹೋಗಿ ಒಂದು ಸಣ್ಣ ಚೌಕ ಪೆಟ್ಟಿಗೆ ತರಬೇಕು. ಬಾಲ್ಮೋರಾದಿಂದ ದಕ್ಷಿಣಕ್ಕೆ ಹೋಗು, ಹೊಳೆಯ ಸೇತುವೆ ದಾಟು, ಪೂರ್ವಕ್ಕೆ ಮೂನ್‌ಮಾತ್ ಕೋಟೆ ಸಿಗುತ್ತದೆ, ಅಲ್ಲಿಂದ ಈಶಾನ್ಯಕ್ಕೆ ಹೋದರೆ ಕಣಿವೆಯ ಮೇಲೆ ಹಳೆಯ ಸೇತುವೆ, ಅದರಾಚೆಗೇ ಅದು, ಅಂತ ಹೇಳುತ್ತಾರೆ. ನಾನು ಓದಿದ್ದು ಕನ್ನಡ ಮೀಡಿಯಂ, ಆಗಷ್ಟೇ ಪಿಯುಸಿ ಸೇರಿದ್ದೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪದ ಬಿಡಿಸಿ, ಲೆಕ್ಕದ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ "ಬಾಲ್ಮೋರಾ - ದಕ್ಷಿಣ - ಸೇತುವೆ - ಪೂರ್ವ - ಕೋಟೆ" ಅಂತ ಬರೆದುಕೊಂಡೆ. ಬರೆದುಕೊಂಡದ್ದು ಒಳ್ಳೆಯದೇ ಆಯಿತು, ಯಾಕೆಂದರೆ ನಮ್ಮ ಕಡೆ ಸಂಜೆ ಹೊತ್ತು ಕರೆಂಟ್ ಹೋದರೆ ಎರಡು ಗಂಟೆ ಬರುತ್ತಿರಲಿಲ್ಲ, ಸೇವ್ ಮಾಡದ ಆಟ ಹೋಗುತ್ತಿತ್ತು, ದಾರಿ ಮಾತ್ರ ಪುಸ್ತಕದಲ್ಲಿ ಉಳಿಯುತ್ತಿತ್ತು. ಕತ್ತಲಲ್ಲಿ ಕೂತು ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಆ ಹಳೆಯ ಸೇತುವೆ ಕೊನೆಗೆ ಬೂದಿಯ ಮಸುಕಿನಲ್ಲಿ ಕಂಡಾಗ ಕುರ್ಚಿಯಿಂದ ಎದ್ದು ನಿಂತಿದ್ದೆ, ಅದು ಈಗಲೂ ನೆನಪಿದೆ. ಯಾರೋ ಗುರುತು ಹಾಕಿ ತೋರಿಸಿದ್ದಲ್ಲ ಅದು. ಹೇಳಿದ ಮಾತನ್ನು ನಂಬಿ ನಾನೇ ಹುಡುಕಿದ್ದು.

ನಮ್ಮೂರ ಕೋಟೆ ನೋಡಿದ್ದೀರಾ? ಏಳು ಸುತ್ತಿನ ಕೋಟೆ ಅಂತಾರೆ. ಒಂದು ಬಾಗಿಲಿನಿಂದ ಮುಂದಿನ ಬಾಗಿಲು ನೇರವಾಗಿ ಕಾಣುವುದಿಲ್ಲ, ದಾರಿ ಬೇಕೆಂದೇ ತಿರುಗಿ ತಿರುಗಿ ಹೋಗುತ್ತದೆ, ನುಗ್ಗಿ ಬಂದವನಿಗೆ ಮುಂದೇನಿದೆ ಅಂತ ಗೊತ್ತಾಗಬಾರದು ಅಂತಲೇ ಹಾಗೆ ಕಟ್ಟಿದ್ದು. ಚಿಕ್ಕಂದಿನಲ್ಲಿ ನೆಂಟರು ಬಂದರೆ ಅವರನ್ನು ಮೇಲೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಅದನ್ನು ನನಗೆ ಕಲಿಸಿದ್ದು ನಮ್ಮಜ್ಜ. ಅವರು ಯಾವತ್ತೂ ಕೈ ಹಿಡಿದು ಕರೆದುಕೊಂಡು ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು, "ತಣ್ಣೀರು ದೋಣಿ ಕೇಳ್ಕೊಂಡು ಹೋಗು, ಅಲ್ಲೇ ಪಕ್ಕದಲ್ಲಿ ಓಬವ್ವನ ಕಿಂಡಿ" ಅನ್ನುತ್ತಿದ್ದರು. ಎರಡು ಸಲ ತಪ್ಪಿದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ಹೋಗಿ ಅಳುತ್ತಾ ವಾಪಸ್ ಬಂದೆ. ಆದರೆ ಮೂರನೇ ಸಲದಿಂದ ಆ ಬಂಡೆಗಳೆಲ್ಲ ನನಗೆ ಗುರುತಾದವು, ಯಾವ ಬಂಡೆ ದಾಟಿದರೆ ಏನು ಅಂತ ಈಗಲೂ ಕಣ್ಣು ಮುಚ್ಚಿ ಹೇಳುತ್ತೇನೆ. ಮಾರೋವಿಂಡ್ ಕೂಡ ನನಗೆ ಹೀಗೇ ಒಳಗೆ ಹೋಯಿತು. ಸ್ಕೈರಿಮ್‌ನಲ್ಲಿ ನೂರಾರು ಗಂಟೆ ಆಡಿದ್ದೇನೆ, ಒಳ್ಳೆಯ ಆಟ, ಆದರೆ ಅದರ ಒಂದು ಊರಿನಿಂದ ಇನ್ನೊಂದಕ್ಕೆ ದಾರಿ ಹೇಳು ಅಂದರೆ ನನಗೆ ಬರುವುದಿಲ್ಲ. ಬಾಲ್ಮೋರಾದಿಂದ ಹೊರಡುವ ದಾರಿ ಇವತ್ತೂ ಹೇಳಬಲ್ಲೆ.

ಆ ಗುರುತನ್ನು ಆಫ್ ಮಾಡಿ ಸ್ಕೈರಿಮ್ ಆಡಿದರೆ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಮಾಡಿ ನೋಡಿದ್ದೇನೆ. ಆಗುವುದಿಲ್ಲ. ಬಾಣ ಇದ್ದೇ ಇರುತ್ತದೆ ಅಂದುಕೊಂಡು ಅಲ್ಲಿನ ಮಾತುಗಳನ್ನು ಬರೆದಿರುವುದರಿಂದ, ಹೆಚ್ಚಿನ ಕಡೆ ಯಾರೂ ದಾರಿಯನ್ನೇ ಹೇಳುವುದಿಲ್ಲ. ಇಂಥ ಗುಹೆಗೆ ಹೋಗು ಅಂತಾರೆ, ಎಲ್ಲಿ ಅಂತ ಹೇಳಲ್ಲ. ಬಾಣ ತೆಗೆದರೆ ಉಳಿಯುವುದು ಬರೀ ಅಲೆದಾಟ. ಮಾರೋವಿಂಡ್‌ನಲ್ಲೂ ಹೇಳಿದ ದಾರಿ ಅಲ್ಲಲ್ಲಿ ತಪ್ಪಿರುತ್ತದೆ, ಅದು ನಿಜ, ಅದಕ್ಕೆ ನಾನೂ ಒಂದೆರಡು ವಾರ ಕಳೆದುಕೊಂಡಿದ್ದೇನೆ. ಆದರೂ ಹೇಳುವ ಪ್ರಯತ್ನವಾದರೂ ಇದೆ.

ಜಾಗವೂ ಹಾಗೇ ಇದೆ, ಎಲ್ಲೂ ನೋಡಿರದಂಥದ್ದು. ಓಕ್ ಮರ, ಡ್ರ್ಯಾಗನ್ ಅಂತ ಎಲ್ಲ ಆಟದಲ್ಲೂ ಬರುವುದು ಇಲ್ಲಿ ಇಲ್ಲ. ಅಣಬೆ ಮರದೆತ್ತರ ಬೆಳೆದಿರುತ್ತದೆ, ಟೆಲ್ವಾನಿ ಮಾಂತ್ರಿಕರು ಅಂಥ ಅಣಬೆಯನ್ನೇ ಬೆಳೆಸಿ ಮನೆ ಮಾಡಿಕೊಂಡಿದ್ದಾರೆ. ಬಸ್ಸಿನ ಬದಲು ಸಿಲ್ಟ್ ಸ್ಟ್ರೈಡರ್ ಅನ್ನುವ, ಮನೆಗಿಂತ ಎತ್ತರದ ಹುಳು. ಆಲ್ಡ್‌ರೂನ್ ಊರಿನಲ್ಲಿ ಸತ್ತ ದೈತ್ಯ ಏಡಿಯ ಚಿಪ್ಪಿನೊಳಗೆ ಜನ ವಾಸ ಮಾಡುತ್ತಾರೆ. ಬೂದಿ ಗಾಳಿ ಎದ್ದಾಗ ದಾರಿಹೋಕರು ಮುಖಕ್ಕೆ ಕೈ ಅಡ್ಡ ಹಿಡಿದು ನಡೆಯುತ್ತಾರೆ. ನಮ್ಮ ಕಡೆ ಆಷಾಢದಲ್ಲಿ ಜೋಗಿಮಟ್ಟಿಯಿಂದ ಬೀಸುವ ಗಾಳಿಗೆ ನಾವು ಹಾಗೇ ಅಲ್ವಾ ನಡೆಯುವುದು! ಅದನ್ನು ನೋಡಿದ ದಿನ ಈ ಆಟ ಮಾಡಿದವರ ಮೇಲೆ ನನಗೆ ಪ್ರೀತಿ ಹುಟ್ಟಿತು.

ಇನ್ನೊಂದು, ಈ ಆಟ ನಿಮ್ಮ ಕೈ ಕಟ್ಟುವುದಿಲ್ಲ. ಸೇಡಾ ನೀನ್ ದಾಟಿ ಸ್ವಲ್ಪ ದೂರ ಹೋಗಿ, ಆಕಾಶದಿಂದ ಒಬ್ಬ ಮಾಂತ್ರಿಕ ಕಿರುಚುತ್ತಾ ಬಂದು ನೆಲಕ್ಕೆ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಮೂರು ಮಂತ್ರದ ಸುರುಳಿ ಇರುತ್ತವೆ. ಓದಿ ಜಿಗಿದರೆ 7 ಸೆಕೆಂಡಿನ ಮಟ್ಟಿಗೆ ಜಿಗಿಯುವ ಶಕ್ತಿ 1000 ಅಂಕ ಜಾಸ್ತಿಯಾಗುತ್ತದೆ, ದ್ವೀಪದ ಅರ್ಧ ದಾಟಿಬಿಡುತ್ತೀರಿ. ಇಳಿಯುವ ಹೊತ್ತಿಗೆ ಶಕ್ತಿ ಮುಗಿದಿರುತ್ತದೆ, ಅವನ ಹಾಗೇ ಸಾಯುತ್ತೀರಿ. ನೆಲ ಮುಟ್ಟುವ ಮುಂಚೆ ಎರಡನೇ ಸುರುಳಿ ಓದಬೇಕು ಅಂತ ನಿಮಗೇ ಹೊಳೆಯಬೇಕು. ಕತೆಗೆ ಬೇಕಾದ ಮುಖ್ಯ ವ್ಯಕ್ತಿಯನ್ನೂ ಕೊಲ್ಲಬಹುದು. ಭವಿಷ್ಯವಾಣಿಯ ಎಳೆ ಕಡಿದುಹೋಯಿತು, ಹಳೆಯ ಸೇವ್‌ಗೆ ಹೋಗು, ಇಲ್ಲವಾದರೆ ನೀನೇ ಹಾಳು ಮಾಡಿದ ಲೋಕದಲ್ಲಿ ಬಾಳು ಅನ್ನುವ ಅರ್ಥದ ಒಂದು ಸಂದೇಶ ಬರುತ್ತದೆ, ಆಟ ಮಾತ್ರ ನಿಲ್ಲುವುದಿಲ್ಲ. ಆ ಟೆಲ್ವಾನಿ ಮನೆಗಳಿಗೆ ಮೆಟ್ಟಿಲೇ ಇರುವುದಿಲ್ಲ, ಹಾರುವ ಮಂತ್ರ ಗೊತ್ತಿದ್ದರೆ ಮೇಲೆ ಬಾ, ಇಲ್ಲದಿದ್ದರೆ ಹೊರಡು. 2006ರಲ್ಲಿ ಬಂದ, ಇದೇ ಸಾಲಿನ ಮುಂದಿನ ಆಟ ಆಬ್ಲಿವಿಯನ್‌ನಲ್ಲಿ ಹಾರುವ ಮಂತ್ರವನ್ನೇ ತೆಗೆದರು. ನನಗೆ ಅದು ಈಗಲೂ ಬೇಜಾರು.

ಕತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ಇನ್ನೂ ಆಡಬೇಕು. ನೀವೇ ಅವತಾರ ಪುರುಷ ಅಂತ ಕೆಲವರು ಅಂತಾರೆ, ಆದರೆ ಹಾಗೆ ಅನ್ನಿಸಿಕೊಂಡು ಸೋತು ಸತ್ತವರು ನಿಮಗಿಂತ ಮುಂಚೆ ಹಲವರು ಇದ್ದಾರೆ, ಮುಂದೆ ಅವರ ಆತ್ಮಗಳ ಜೊತೆಗೇ ಮಾತಾಡುತ್ತೀರಿ. ಹಿಂದೆ ಕೆಂಪು ಬೆಟ್ಟದಲ್ಲಿ ಏನು ನಡೆಯಿತು ಅನ್ನುವುದನ್ನು ಗುಡಿಯವರು ಒಂದು ಥರ, ಬಯಲಿನ ಡೇರೆ ಜನ ಇನ್ನೊಂದು ಥರ ಹೇಳುತ್ತಾರೆ. ಯಾವುದು ನಿಜ ಅಂತ ಆಟ ತೀರ್ಪು ಕೊಡುವುದಿಲ್ಲ. ಕೋಟೆಯ ಮೇಲೆ ಒಂದೇ ಕತೆಯನ್ನು ಮೂರು ಬಾಯಲ್ಲಿ ಕೇಳಿ ಬೆಳೆದ ನನಗೆ ಇದು ಬಹಳ ಹಿಡಿಸಿತು.

ಅಣ್ಣನಿಗೆ ಆಬ್ಲಿವಿಯನ್ ತುಂಬಾ ಇಷ್ಟವಾಯಿತು. ಈಗ ಅವನು ಕೆಲಸ ಮುಗಿಸಿ ಮನೆಗೆ ಬಂದು ಮಕ್ಕಳನ್ನು ಮಲಗಿಸಿದ ಮೇಲೆ ಒಂದು ಗಂಟೆ ಆಡುತ್ತಾನೆ. ಆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ದಾರಿ ತಪ್ಪಿದರೆ ಅವನಿಗೆ ಏನು ಸಿಕ್ಕಿತು? ಮಾರೋವಿಂಡ್ ಆಗದವರಲ್ಲಿ ಹೆಚ್ಚಿನವರ ಕಾರಣ ಇದೇ ಅಂತ ನನಗನ್ನಿಸುತ್ತದೆ, ಅದು ಸಣ್ಣ ಕಾರಣವಲ್ಲ. ಈ ಆಟ ಬಿಡುವಾದ ಸಂಜೆಗಳನ್ನು ಕೇಳುತ್ತದೆ. ನನ್ನ ಹತ್ತಿರ ಆಗ ಅವು ಇದ್ದವು. ಪ್ರೀತಿ ಹಿಡಿದವರಂತೂ ಇನ್ನೂ ಬಿಟ್ಟಿಲ್ಲ. ಓಪನ್‌ಎಂಡಬ್ಲ್ಯೂ ಅಂತ ಹೊಸ ಎಂಜಿನ್ನನ್ನು, ಅಂದರೆ ಆಟ ಓಡಿಸುವ ಪ್ರೋಗ್ರಾಮನ್ನು, ಪುಕ್ಕಟೆ ಕೊಟ್ಟಿದ್ದಾರೆ, ಮೂಲ ಆಟದ ಫೈಲು ನಿಮ್ಮ ಹತ್ತಿರ ಇದ್ದರೆ ಈಗಿನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತದೆ. ಟ್ಯಾಮ್ರಿಯಲ್ ರೀಬಿಲ್ಟ್ ಅನ್ನುವ ಗುಂಪು ದ್ವೀಪದಾಚೆಯ ನೆಲವನ್ನೆಲ್ಲ ವರ್ಷಗಟ್ಟಲೆ ಕೂತು, ಸಂಬಳವಿಲ್ಲದೆ ಕಟ್ಟುತ್ತಿದೆ.

ನಿಮಗೆ ನಾಲ್ಕು ರಜೆ ಇದ್ದರೆ ಇನ್ನೊಂದು ಸಲ ನೋಡಿ. ಹಳೆಯ ಪಾತ್ರ ಬಿಟ್ಟುಬಿಡಿ, ಮೇಲೆ ಹೇಳಿದ ರೆಡ್‌ಗಾರ್ಡ್ ಮಾಡಿ, ಆ ಚಾಕುವನ್ನು ಮಾರಿ, ಮೊದಲು ಸಿಗುವ ದುಡ್ಡಿನಲ್ಲಿ ಒಂದು ಉದ್ದ ಕತ್ತಿ ಕೊಳ್ಳಿ. ಹೊಡೆದಾಟಕ್ಕೆ ಮುಂಚೆ ಓಡಬೇಡಿ, ಹಸಿರು ಪಟ್ಟಿ ತುಂಬಿರಲಿ. ಬಾಲ್ಮೋರಾಕ್ಕೆ ಹುಳು ಹತ್ತದೆ ಪೆಲಾಜಿಯಾಡ್ ಮೇಲೆ ನಡೆದೇ ಹೋಗಿ. ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಆ ಪೆಟ್ಟಿಗೆ ಎಲ್ಲಿದೆ ಅಂತ ನಾನು ಹೇಳುವುದಿಲ್ಲ, ಯೂಟ್ಯೂಬನ್ನೂ ಕೇಳಬೇಡಿ. ಹಳೆಯ ಸೇತುವೆ ದಾಟಿದ ಮೇಲೆ ಬಾಗಿಲು ಮುಚ್ಚಿರುತ್ತದೆ, ಎಷ್ಟು ಒತ್ತಿದರೂ ತೆರೆಯುವುದಿಲ್ಲ, ನಾನು ಅಲ್ಲೇ ಮೂರು ಸಂಜೆ ನಿಂತಿದ್ದೆ. ಹತ್ತಿರದಲ್ಲೇ ಒಂದು ಪೈಪ್ ಹಾದುಹೋಗಿದೆ, ಅದರಲ್ಲಿ ತಿರುಗಿಸುವ ಹಿಡಿಕೆ ಇದೆ.