‘ನೈದರ್–ನಾರ್’ ಇದ್ದಲ್ಲಿ ‘ನಾಟ್’ ಯಾಕೆ ಬೇಡ?

‘ಶಿ ಡಸ್ ನಾಟ್ ಈಟ್ ನೈದರ್ ಬಂಗುಡೆ ನಾರ್ ಬೂತಾಯಿ’ ಅಂತ ನಿಮ್ಮ ಮಗಳು ಬರೆದದ್ದಕ್ಕೆ ಟೀಚರ್ ಅಡ್ಡಗೆರೆ ಎಳೆದಿದ್ದಾರೆ, ಅರ್ಥ ಆಗ್ತದಲ್ಲ, ತಪ್ಪು ಎಲ್ಲಿ ಉಂಟು ಅಂತ ಕೇಳಿದ್ದೀರಿ.

ತಪ್ಪು ಇರುವುದು ‘ಡಸ್ ನಾಟ್’ನಲ್ಲಿ. ‘ನೈದರ್–ನಾರ್’ ಜೋಡಿಯ ಒಳಗೇ ‘ಇಲ್ಲ’ ಕೂತಿದೆ. ಆದ್ದರಿಂದ ಕ್ರಿಯಾಪದಕ್ಕೆ ಮತ್ತೆ ನಿಷೇಧ ಬೇಡ: ‘ಶಿ ಈಟ್ಸ್ ನೈದರ್ ಬಂಗುಡೆ ನಾರ್ ಬೂತಾಯಿ.’ ‘ನಾಟ್’ ಬೇಕೇ ಬೇಕು ಅಂತಾದರೆ ಜೋಡಿಯನ್ನೇ ಬದಲಿಸಿ: ‘ಶಿ ಡಸ್ ನಾಟ್ ಈಟ್ ಐದರ್ ಬಂಗುಡೆ ಆರ್ ಬೂತಾಯಿ.’

ನಾನು ಉಡುಪಿಯಲ್ಲಿ ಟ್ಯೂಷನ್ ಮಾಡುವವಳು. ಇದು ಪ್ರತಿ ವರ್ಷ ಕಾಣುವ ತಪ್ಪು, ಮಕ್ಕಳ ದಡ್ಡತನ ಖಂಡಿತ ಅಲ್ಲ. ‘ಬಂಗುಡೆಯೂ ತಿನ್ನುವುದಿಲ್ಲ, ಬೂತಾಯಿಯೂ ತಿನ್ನುವುದಿಲ್ಲ’ ಅನ್ನುವಾಗ ನಮ್ಮ ‘ಊ’ಗೆ ಹೌದೂ ಇಲ್ಲ, ಅಲ್ಲವೂ ಇಲ್ಲ. ಎರಡನ್ನೂ ತಿನ್ನುತ್ತಾಳೆ ಅಂತಾದರೂ ಅದೇ ‘ಊ’ ಬರ್ತದೆ. ನಿರಾಕರಿಸುವ ಕೆಲಸ ಪೂರ್ತಿ ಕ್ರಿಯಾಪದದ್ದು. ತುಳುವಿನ ‘ಲಾ’ ಕೂಡ ಹಾಗೆಯೇ. ಈ ಅಭ್ಯಾಸದಲ್ಲಿ ಬೆಳೆದ ಮಗು ಮೊದಲು ಕ್ರಿಯಾಪದಕ್ಕೆ ‘ನಾಟ್’ ಹಾಕಿ, ಆಮೇಲೆ ಜೋಡಿ ಹುಡುಕುತ್ತದೆ. ಹಾಗೆ ನೋಡಿದರೆ 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕೂಡ ಒಂದೇ ವಾಕ್ಯದಲ್ಲಿ ಒಂದಕ್ಕಿಂತ ಹೆಚ್ಚು ನಿಷೇಧ ಬಳಸುತ್ತಿದ್ದ. ಇಂಗ್ಲಿಷಿನ ಕೆಲವು ಆಡುಮಾತುಗಳಲ್ಲಿ ಅದು ಈಗಲೂ ಉಂಟು. ಆದರೆ ಚಾಸರನ ಹೆಸರು ಹೇಳಿದರೆ ಪರೀಕ್ಷೆಯಲ್ಲಿ ಮಾರ್ಕು ಸಿಗುವುದಿಲ್ಲ ಮಾರಾಯ್ರೆ.

ಇದಕ್ಕಿಂತ ಕಣ್ತಪ್ಪಿಸುವ ಇನ್ನೊಂದು ವಾಕ್ಯ: ‘ಬೋತ್ ದ ಬಸಸ್ ಡಿಡ್ ನಾಟ್ ಕಮ್.’ ‘ಎರಡೂ ಬಸ್ ಬರಲಿಲ್ಲ’ ಅಂದರೆ ಮಂಗಳೂರಿಗೆ ಹೊರಟವರಿಗೆ ಸಂಶಯವೇ ಇಲ್ಲ, ಒಂದೂ ಬರಲಿಲ್ಲ. ಇಂಗ್ಲಿಷ್ ವಾಕ್ಯವನ್ನು ‘ಎರಡೂ ಅಲ್ಲ, ಒಂದು ಮಾತ್ರ ಬಂತು’ ಅಂತಲೂ ಓದಬಹುದು. ‘ನೈದರ್ ಬಸ್ ಕೇಮ್’ ಅಂದರೆ ಗೊಂದಲ ಇಲ್ಲ.

ಏಕವಚನ, ಬಹುವಚನದ ಲೆಕ್ಕ ಸುಲಭ: ಕ್ರಿಯಾಪದ ತನಗೆ ಹತ್ತಿರ ಇದ್ದವರ ಮಾತು ಕೇಳುತ್ತದೆ. ‘ನೈದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವರ್ ಹರ್ಟ್.’ ಡ್ರೈವರನ್ನು ‘ನಾರ್’ ನಂತರ ತಂದರೆ ‘ವಾಸ್’.

ಇಷ್ಟು ಹೇಳಿದ ಮೇಲೆ ಮಗಳು ‘ನಾಟ್’ ಕಂಡಲ್ಲೆಲ್ಲ ‘ನಾರ್’ ಹೊಡೆದುಹಾಕದಂತೆ ನೋಡಿಕೊಳ್ಳಿ. ‘ನೈದರ್’ ಇಲ್ಲದೆ ‘ನಾರ್’ ಒಂದೇ ಬಂದು ಹೊಸ ಉಪವಾಕ್ಯ ಶುರು ಮಾಡಿದರೆ ಅದರ ಹಿಂದೆ ‘ನಾಟ್’ ಇರಬಹುದು: ‘ಐ ಡಿಡ್ ನಾಟ್ ಸೀ ದ ಬಸ್, ನಾರ್ ಡಿಡ್ ಐ ಹಿಯರ್ ಇಟ್.’ ಇಲ್ಲಿ ‘ಡಿಡ್’ ಪ್ರಶ್ನೆಯಲ್ಲಿ ಬರುವ ಹಾಗೆ ‘ಐ’ಗಿಂತ ಮುಂದೆ ಬಂದದ್ದನ್ನು ಗಮನಿಸಿ, ಮಕ್ಕಳು ಅದನ್ನೂ ಮರೆಯುತ್ತಾರೆ.