ದುಡ್ಡು ಕೊಟ್ಟವರದ್ದೇ ಮಾತಾ?

ಪ್ರಶ್ನೆ: ಭೂಕಂಪ, ಯುದ್ಧ ಎಲ್ಲೇ ಆದರೂ ನೆರವಿನ ಹಣ ಹರಿದು ಬರುತ್ತದೆ. ಆದರೆ ಮೊದಲು ಓಡಿ ಬರುವ ಸ್ಥಳೀಯ ಸಂಘಗಳ ಕೈಗೆ ಅದು ಸಿಗುವುದೇ ಇಲ್ಲವಂತೆ. ನಿಜವಾ? ಅವರಿಗೆ ಲೆಕ್ಕ ಇಡಲು ಬರುವುದಿಲ್ಲ ಅನ್ನೋದು ಕಾರಣವಾ?

ಉತ್ತರ: ಮೊದಲನೆಯದು ಹೆಚ್ಚುಕಡಿಮೆ ನಿಜ. ಎರಡನೆಯದು ಅರ್ಧಕ್ಕರ್ಧ ನೆಪ.

2016ರಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದಾನಿ ದೇಶಗಳೂ ದೊಡ್ಡ ನೆರವು ಸಂಸ್ಥೆಗಳೂ ಸೇರಿ 'ಗ್ರ್ಯಾಂಡ್ ಬಾರ್ಗೇನ್' ಅಂತ ಒಂದು ಒಪ್ಪಂದ ಮಾಡಿಕೊಂಡವು. 2020ರೊಳಗೆ ಕನಿಷ್ಠ ಶೇ. 25ರಷ್ಟು ಹಣವನ್ನು ಸ್ಥಳೀಯರಿಗೆ 'ಆದಷ್ಟು ನೇರವಾಗಿ' ತಲುಪಿಸುತ್ತೇವೆ ಅಂದವು. 2020 ಬಂತು, ಹೋಯಿತು. ನೇರವಾಗಿ ಸಿಕ್ಕಿದ ಪಾಲು ಶೇ. 5ನ್ನೂ ಮುಟ್ಟಲಿಲ್ಲ. ಆ 'ಆದಷ್ಟು' ಅನ್ನೋ ಪದ ಇದೆಯಲ್ಲ, ಅದನ್ನು ಸುಮ್ನೆ ಹಾಕಿರಲಿಲ್ಲ ಅನ್ನಿಸುತ್ತದೆ ನನಗೆ.

ಇನ್ನು ಲೆಕ್ಕದ ಮಾತು. ವಿಶ್ವಸಂಸ್ಥೆಯ ಏಜೆನ್ಸಿಗಳು, ದೊಡ್ಡ ಎನ್‌ಜಿಒಗಳು ಒಂದು ಪ್ರಾಜೆಕ್ಟ್ ತೆಗೆದುಕೊಂಡರೆ ಆಡಳಿತದ ಖರ್ಚು ಅಂತ ಸಾಮಾನ್ಯವಾಗಿ ಶೇ. 7ರ ಆಸುಪಾಸು ಇಟ್ಟುಕೊಳ್ಳುತ್ತವೆ. ಕೆಲಸವನ್ನು ಸ್ಥಳೀಯ ಸಂಘಕ್ಕೆ ವಹಿಸುವಾಗ ಎಷ್ಟೋ ಸಲ ಆ ಬಾಬ್ತಿನಲ್ಲಿ ಒಂದು ಕಾಸೂ ಕೊಡುವುದಿಲ್ಲ. ಅಕೌಂಟೆಂಟ್‌ಗೆ ಸಂಬಳ ಎಲ್ಲಿಂದ ಬರಬೇಕು, ಕಚೇರಿ ಬಾಡಿಗೆ ಯಾರು ಕಟ್ಟಬೇಕು? ಆಮೇಲೆ ಇದೇ ಜನ, ನಿಮ್ಮ ಲೆಕ್ಕಪತ್ರ ಸರಿಯಿಲ್ಲ, ಮುಂದಿನ ಫಂಡ್ ಕೊಡೋಕಾಗಲ್ಲ ಅನ್ನುತ್ತಾರೆ.

ಹಣಕ್ಕಿಂತ ಜಾಸ್ತಿ ನೋಯಿಸುವುದು ತೀರ್ಮಾನ ಎಲ್ಲಿ ಆಗುತ್ತದೆ ಅನ್ನೋದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ನೆರವಿನ ಸಭೆಗಳು ಹೆಚ್ಚಾಗಿ ನಡೆದದ್ದು ವಿಮಾನ ನಿಲ್ದಾಣದ ಹತ್ತಿರದ ವಿಶ್ವಸಂಸ್ಥೆ ನೆಲೆಯಲ್ಲಿ, ಬಹಳಷ್ಟು ಸಲ ಇಂಗ್ಲಿಷಿನಲ್ಲಿ. ಅಲ್ಲಿನ ಜನ ಮಾತಾಡುವುದು ಕ್ರಿಯೋಲ್. ಹೈಟಿಯ ಸಂಘದವರಿಗೆ ಗೇಟು ದಾಟುವುದೇ ಕಷ್ಟ, ದಾಟಿದರೂ ಮಾತು ಅರ್ಥವಾಗದು. ಮನೆ ಬಿದ್ದದ್ದು ಅವರದ್ದು, ಅಲ್ವಾ?

ಪ್ರಶ್ನೆ: ಹಾಗಾದರೆ ಎಲ್ಲವನ್ನೂ ಸ್ಥಳೀಯರಿಗೇ ಕೊಟ್ಟುಬಿಟ್ಟರೆ ನ್ಯಾಯ ಆಗುತ್ತದಾ?

ಉತ್ತರ: ಇಲ್ಲ, ಅಷ್ಟು ಸಲೀಸಲ್ಲ. ಸ್ಥಳೀಯರಲ್ಲೂ ದೊಡ್ಡ ದನಿಯವರು ಇರುತ್ತಾರೆ. ನೆರವು ಯಾರಿಗೆ ಅನ್ನೋ ಪಟ್ಟಿ ಬರೆಯುವವರು ತಮ್ಮವರ ಹೆಸರನ್ನೇ ಮೊದಲು ಬರೆಯಬಹುದು. ಒಂಟಿ ಹೆಂಗಸರು, ಅಂಗವಿಕಲರು, ಗುರುತಿನ ಚೀಟಿ ಇಲ್ಲದವರು ಕೊನೆಗೆ ಉಳಿಯುತ್ತಾರೆ. ಯುದ್ಧ ಇರುವ ಕಡೆ ಇನ್ನೂ ಕಷ್ಟ, ಅಲ್ಲಿ ಸಂಘ ಯಾವ ಪಕ್ಷದ್ದು ಅನ್ನೋ ಪ್ರಶ್ನೆ ಬರುತ್ತದೆ. ಆದರೆ ಈ ಅನುಮಾನವನ್ನು ಸ್ಥಳೀಯರ ಮೇಲೆ ಮಾತ್ರ ಯಾಕೆ ಹೊರಿಸಬೇಕು? ರೆಡ್ ಕ್ರಾಸ್ ಮತ್ತು ಕೆಲವು ಸಂಸ್ಥೆಗಳು 1994ರಲ್ಲೇ ಒಂದು ನೀತಿ ಸಂಹಿತೆ ಬರೆದಿಟ್ಟಿವೆ. ದುಡ್ಡು ಕೊಟ್ಟವರಿಗೆ ಹೇಗೋ, ನೆರವು ಪಡೆದವರಿಗೂ ಹಾಗೇ ಉತ್ತರ ಕೊಡಬೇಕು ಅಂತ ಅದರಲ್ಲೇ ಇದೆ. ದಾನಿಗೆ ದಪ್ಪ ವರದಿ ಹೋಗುತ್ತದೆ. ಡೇರೆಯಲ್ಲಿ ಮಲಗಿರುವವರಿಗೆ ಏನು ಹೋಗುತ್ತದೆ?

ನೀವು ದೇಣಿಗೆ ಕೊಡುವವರಾದರೆ ಆ ಸಂಸ್ಥೆಗೆ ಒಂದು ಮೇಲ್ ಹಾಕಿ. ಸ್ಥಳೀಯ ಸಂಘಕ್ಕೆ ಆಡಳಿತದ ಖರ್ಚು ಕೊಡುತ್ತೀರಾ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಯಾರ ಹತ್ತಿರ ದೂರು ಹೇಳಬೇಕು, ಅಂತ ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ.